ಬಿಡಿ ಓಲೆಗರಿಗಳ ದಿಕ್ಕಿನ ನಿರ್ಣಯ: ಚೆಕ್ಕು ಓದುವ ಯಂತ್ರದ ಕ್ರಮದೊಡನೆ ಒಂದು ತುಲನೆ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಸೇರಿದ, ಅಘನಾಶಿನಿ ನದಿಯ ಬದಿಯ ಮಿರ್ಜಾನವು ಇಂದು ಅಲ್ಲಿಯ ಕೋಟೆಯಿಂದ ಹೆಸರಾಗಿದೆ. ಜನಪರಂಪರೆಯು ಈ ಕೋಟೆಯನ್ನು ಗೇರುಸೊಪ್ಪೆಯ ಸಾಳ್ವ ವಂಶದ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಜೋಡಿಸುತ್ತದೆ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಈ ಜೈನ ರಾಣಿಯು 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದವಳು. ಮಿರ್ಜಾನ, ಹೊನ್ನಾವರ, ಭಟ್ಕಳಗಳ ಬಂದರುಗಳಿಂದ ಕಾಳುಮೆಣಸು ಹಡಗನ್ನೇರುತ್ತಿದ್ದ ಕಾಲದಲ್ಲಿಯೇ, ಅದೇ ಸೀಮೆಯ ಗೇರುಸೊಪ್ಪೆ ಹಾಡುವಳ್ಳಿಗಳ ಬಸದಿಗಳಲ್ಲಿ ಶಾಸ್ತ್ರವ್ಯಾಸಂಗವೂ ಗ್ರಂಥಲೇಖನವೂ ನಡೆದಿದ್ದುವೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಸಾಳ್ವಮಲ್ಲನ ಆಶ್ರಯದಲ್ಲಿದ್ದ ಸಾಳ್ವ ಕವಿಯು ಷಟ್ಪದಿಯಲ್ಲಿ ಭಾರತವನ್ನು ರಚಿಸಿದುದು ಇಲ್ಲಿ. 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನು 1604ರಲ್ಲಿ ಮುಗಿಸಿದ ಭಟ್ಟಾಕಳಂಕನೂ ಇದೇ ಸೀಮೆಯ ಗುರುಪರಂಪರೆಗೆ ಸೇರಿದವನು.

ಆದರೆ ವಿದ್ಯೆಗೆ ಒದಗಿಬಂದ ಈ ನೆಲದ ಹವೆಯು ಓಲೆಗೆ ಹಿತವಾದುದಲ್ಲ. ಕುಮಟಾ ಹೊನ್ನಾವರಗಳ ಘಟ್ಟದ ಬುಡದಲ್ಲಿ ಶ್ರೀತಾಳೆಯ ಮರಗಳು ಬೆಳೆಯುವುದೇನೋ ನಿಜ. ಬರೆಯುವುದಕ್ಕೆ ಅಗಲವಾದ, ಮೆತ್ತನೆಯ ಗರಿ ಆ ಮರದಿಂದಲೇ ದೊರೆಯುತ್ತದೆ. ಆದರೆ ನಾಲ್ಕು ತಿಂಗಳ ಬಿಡದ ಮಳೆ, ಕಡಲ ಉಪ್ಪುಗಾಳಿ, ಗೆದ್ದಲು ಮತ್ತು ಹುಳು ಇವುಗಳ ಮುಂದೆ ಗರಿಗಿಂತ ಮೊದಲು ಸೋಲುವುದು ದಾರ. ದಾರ ಕೊಳೆತು ಹರಿದ ಕಟ್ಟಿನ ಗರಿಗಳು ಒಂದರ ಮೇಲೊಂದು ಜಾರುತ್ತವೆ. ಯಾರೋ ಅವನ್ನು ಕೂಡಿಸಿ ಬಟ್ಟೆಯಲ್ಲಿ ಸುತ್ತುತ್ತಾರೆ. ಸುತ್ತುವಾಗ ಕೆಲವು ಬೋರಲಾಗುತ್ತವೆ, ಕೆಲವು ತಲೆಕೆಳಗಾಗುತ್ತವೆ. ಎರಡು ತಲೆಮಾರು ಕಳೆದ ಮೇಲೆ ಆ ಗಂಟನ್ನು ಬಿಚ್ಚುವವನ ಕೈಗೆ ಗ್ರಂಥಕ್ಕೆ ಬದಲಾಗಿ ಬಿಡಿಗರಿಗಳ ರಾಶಿ ಬರುತ್ತದೆ.

ಇಂತಹ ಬಿಡಿಗರಿಯೊಂದನ್ನು ಕೈಗೆತ್ತಿಕೊಂಡಾಗ ಅದು ಯಾವ ಗ್ರಂಥದ್ದು, ಯಾವ ಶತಮಾನದ್ದು ಎಂಬ ಪ್ರಶ್ನೆಗಳಿಗೂ ಮೊದಲು ಎರಡು ಪ್ರಶ್ನೆಗಳಿವೆ. ಇದರ ತಲೆ ಯಾವುದು, ಬುಡ ಯಾವುದು? ಇದರ ಮುಖ ಯಾವುದು, ಬೆನ್ನು ಯಾವುದು? ಗ್ರಂಥಸಂಪಾದನಶಾಸ್ತ್ರದ ಪುಸ್ತಕಗಳು ಪಾಠಾಂತರ, ಪ್ರಕ್ಷೇಪ, ಲೇಖಕಪ್ರಮಾದಗಳಿಗೆ ಮೀಸಲಿಟ್ಟ ಪುಟಗಳಲ್ಲಿ ಹತ್ತರಲ್ಲೊಂದು ಪಾಲನ್ನೂ ಈ ಪ್ರಶ್ನೆಗಳಿಗೆ ಕೊಟ್ಟಂತೆ ಕಾಣುವುದಿಲ್ಲ. ಓದಬಲ್ಲವನಿಗೆ ಇದು ಕಣ್ಣಿಗೇ ತಿಳಿಯುವ ಸಂಗತಿಯೆಂಬ ಭಾವನೆ ಇದಕ್ಕೆ ಕಾರಣವಿರಬೇಕು. ಈಗ ಗರಿಯನ್ನು ಮೊದಲು ನೋಡುವುದು ಪಂಡಿತನ ಕಣ್ಣಾಗಿರದೆ ಯಂತ್ರದ ಕಣ್ಣಾಗಿರುವುದರಿಂದ, ಈ ಸಂಗತಿಯನ್ನು ಬಿಡಿಸಿ ಹೇಳುವ ಅಗತ್ಯ ಬಂದಿದೆ.

ಇದೇ ಎರಡು ಪ್ರಶ್ನೆಗಳನ್ನು ದಿನಕ್ಕೆ ಲಕ್ಷಾಂತರ ಸಲ ಕೇಳಿ ಉತ್ತರ ಪಡೆಯುವ ಇನ್ನೊಂದು ಕ್ಷೇತ್ರವಿದೆ. ಅದು ಬ್ಯಾಂಕುಗಳ ಚೆಕ್ಕು ವಿಲೇವಾರಿ. ವಿಷಯ ಲೌಕಿಕವಾದರೂ ಅಲ್ಲಿಯ ಕ್ರಮವನ್ನು ತಿಳಿಯುವುದರಿಂದ ಓಲೆಯ ವಿಚಾರ ಸ್ಪಷ್ಟವಾಗುತ್ತದೆ. ಚೆಕ್ಕೂ ಓಲೆಯಂತೆ ಅಡ್ಡಕ್ಕೆ ಉದ್ದವಾದ, ಎರಡು ಮುಖಗಳುಳ್ಳ ಬಿಡಿ ಹಾಳೆಯಲ್ಲವೆ?

ಭಾರತದ ಚೆಕ್ಕಿನ ಕೆಳ ಅಂಚಿನಲ್ಲಿ ಏನೂ ಬರೆಯಬಾರದೆಂದು ಬಿಟ್ಟ ಬಿಳಿಯ ಪಟ್ಟಿಯೊಂದಿದೆ. ಅದರಲ್ಲಿ ವಿಚಿತ್ರಾಕಾರದ ಅಂಕೆಗಳ ಒಂದೇ ಒಂದು ಪಂಕ್ತಿ ಇರುತ್ತದೆ. ಎಡದಿಂದ ಬಲಕ್ಕೆ ಆರು ಅಂಕೆಗಳ ಚೆಕ್ಕಿನ ಸಂಖ್ಯೆ. ಒಂಬತ್ತು ಅಂಕೆಗಳ ಸಂಕೇತ, ಇದರಲ್ಲಿ ಮೊದಲ ಮೂರು ಊರಿಗೆ, ನಡುವಣ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ ಸಲ್ಲುವಂಥವು. ಆಮೇಲೆ ಖಾತೆಗೆ ಸಂಬಂಧಿಸಿದ ಆರು ಅಂಕೆಗಳು. ಕಡೆಗೆ ಚೆಕ್ಕಿನ ಬಗೆಯನ್ನು ತಿಳಿಸುವ ಎರಡು ಅಂಕೆಗಳು. ಇವನ್ನು ಅಚ್ಚು ಮಾಡುವ ಮಸಿಯಲ್ಲಿ ಕಬ್ಬಿಣದ ಆಕ್ಸೈಡ್ ಬೆರೆತಿರುತ್ತದೆ. ಚೆಕ್ಕು ಯಂತ್ರದಲ್ಲಿ ಓಡುವಾಗ ಒಂದು ಶಿರವು ಈ ಮಸಿಗೆ ಕಾಂತಗುಣವನ್ನು ಏರಿಸುತ್ತದೆ, ಮುಂದಿನ ಶಿರವು ಅದನ್ನು ಗ್ರಹಿಸುತ್ತದೆ. ಒಂದೊಂದು ಅಂಕೆಯ ಆಕಾರಕ್ಕೂ ಒಂದೊಂದು ಬಗೆಯ ಏರಿಳಿತದ ವಿದ್ಯುತ್ ತರಂಗ ಉಂಟಾಗುವುದರಿಂದ ಯಂತ್ರಕ್ಕೆ ಅಂಕೆ ತಿಳಿಯುತ್ತದೆ. ಇ-13ಬಿ ಎಂಬ ಈ ಲಿಪಿಯು 1950ರ ದಶಕದಲ್ಲಿ ಅಮೆರಿಕದ ಬ್ಯಾಂಕುಗಳ ಅಗತ್ಯಕ್ಕಾಗಿ ಹುಟ್ಟಿದುದು. ಅದರಲ್ಲಿರುವುದು ಹತ್ತು ಅಂಕೆಗಳು ಮತ್ತು ನಾಲ್ಕು ವಿಶೇಷ ಚಿಹ್ನೆಗಳು ಮಾತ್ರ. ಭಾರತದ ಮಹಾನಗರಗಳಿಗೆ ಈ ಪದ್ಧತಿ 1980ರ ದಶಕದಲ್ಲಿ ಬಂದಿತು.

ಯಂತ್ರದೊಳಗೆ ಚೆಕ್ಕು ನಾಲ್ಕು ಬಗೆಯಲ್ಲಿ ಪ್ರವೇಶಿಸಬಹುದು. ಮುಖ ಎದುರಾಗಿ ನೆಟ್ಟಗೆ ಬಂದರೆ ಅಂಕೆಗಳ ಪಂಕ್ತಿ ಕೆಳಗೆ, ಶಿರದ ಎದುರಿಗೆ ಬರುತ್ತದೆ. ಮುಖ ಎದುರಾಗಿದ್ದು ತಲೆಕೆಳಗಾಗಿದ್ದರೆ ಪಂಕ್ತಿ ಮೇಲಂಚಿಗೆ ಹೋಗುತ್ತದೆ. ಪುಸ್ತಕದ ಹಾಳೆಯನ್ನು ಮಗುಚಿದಂತೆ ಬೆನ್ನು ಎದುರಾಗಿದ್ದರೆ ಪಂಕ್ತಿ ಕೆಳಗೇ ಇರುತ್ತದೆ, ಆದರೆ ಕಾಗದದ ಆಚೆಬದಿಗೆ. ಅದರ ಕ್ರಮವೂ ಹಿಂದುಮುಂದಾಗುತ್ತದೆ. ಉದ್ದದ ಅಂಚಿನ ಮೇಲೆ ಮಗುಚಿದ್ದರೆ ಪಂಕ್ತಿ ಮೇಲೆಯೂ ಆಚೆಬದಿಯಲ್ಲಿಯೂ ಇರುತ್ತದೆ.

ಹಿಂದಿನ ಯಂತ್ರಗಳಲ್ಲಿ ಈ ನಾಲ್ಕನ್ನು ಬೇರ್ಪಡಿಸುವ ಕೆಲಸ ಮನುಷ್ಯನದೇ ಆಗಿತ್ತು. ಗುಮಾಸ್ತನು ಚೆಕ್ಕುಗಳ ಅಂಚುಗಳನ್ನು ಸಮಮಾಡಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಜೋಡಿಸಿ ಇಡುತ್ತಿದ್ದನು. ತಪ್ಪಿ ತಿರುಗಿದ ಚೆಕ್ಕಿನ ಮೇಲೆ ಶಿರಕ್ಕೆ ಸಂಕೇತವೇ ಸಿಗುತ್ತಿರಲಿಲ್ಲ, ಇಲ್ಲವೆ ಸಿಕ್ಕಿದ ಕ್ಷೀಣವಾದ ತರಂಗ ಯಾವ ಅಂಕೆಗೂ ಹೊಂದುತ್ತಿರಲಿಲ್ಲ. ಅಂತಹ ಚೆಕ್ಕನ್ನು ಯಂತ್ರವು ತಿರಸ್ಕೃತ ಚೆಕ್ಕುಗಳ ಅರೆಗೆ ತಳ್ಳುತ್ತಿತ್ತು. ಅನಂತರ ಬಂದ ಯಂತ್ರಗಳು ಎರಡೂ ಮುಖಗಳ ಚಿತ್ರವನ್ನು ಒಮ್ಮೆಲೇ ತೆಗೆಯುತ್ತವೆ. ಅಂಕೆಗಳ ಪಂಕ್ತಿ ಇರಬಹುದಾದ ನಾಲ್ಕು ಎಡೆಗಳನ್ನೂ ಪರೀಕ್ಷಿಸಿ, ಪ್ರತಿಯೊಂದು ಎಡೆಯಲ್ಲಿಯೂ ಓದಲು ಪ್ರಯತ್ನಿಸಿ, ಎಲ್ಲಿ ಅಂಕೆಗಳೂ ಅವುಗಳ ನಡುವಣ ಚಿಹ್ನೆಗಳೂ ತಕ್ಕ ಸ್ಥಾನಗಳಲ್ಲಿ ದೊರೆಯುತ್ತವೆಯೋ ಅದೇ ಸರಿಯಾದ ದಿಕ್ಕೆಂದು ನಿರ್ಣಯಿಸುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸೊನ್ನೆಯು ಎಡಬಲಗಳಲ್ಲಿ ಸಮವಾದುದರಿಂದ ಅದೊಂದರಿಂದಲೇ ದಿಕ್ಕು ತಿಳಿಯುವುದಿಲ್ಲ. 2, 4, 7ರಂತಹ ಸಮವಲ್ಲದ ಅಂಕೆಗಳೇ ದಿಕ್ಕನ್ನು ಹೇಳುವಂಥವು. ದಿಕ್ಕನ್ನು ತಿಳಿಸಬೇಕಾದ ಗುರುತು ಒಂದೇ ಬದಿಯಲ್ಲಿರಬೇಕು, ನಿಯತವಾದ ಸ್ಥಾನದಲ್ಲಿರಬೇಕು, ತಿರುಗಿಸಿದರೆ ಬೇರೆಯಾಗಿ ಕಾಣುವಂತಿರಬೇಕು. ಈ ಮೂರು ಲಕ್ಷಣಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಮುಂದಿನ ವಿಚಾರಕ್ಕೆ ಅವಶ್ಯ.

ಇಂದು ಈ ದಿಕ್ಕಿನ ನಿರ್ಣಯಕ್ಕೆ ಹಿಂದಿಗಿಂತ ಹೆಚ್ಚು ಬೆಲೆ ಬಂದಿದೆ. ಮಿರ್ಜಾನದ ವರ್ತಕನೊಬ್ಬನು ಬರೆದುಕೊಟ್ಟ ಚೆಕ್ಕು ಈಗ ಊರಿನಿಂದ ಊರಿಗೆ ಪಯಣಿಸುವುದಿಲ್ಲ. ಚೆಕ್ಕನ್ನು ಸ್ವೀಕರಿಸಿದ ಬ್ಯಾಂಕೇ ಅದರ ಮುಖದ ಮತ್ತು ಬೆನ್ನಿನ ಚಿತ್ರಗಳನ್ನು ತೆಗೆದು, ಅಂಕೆಗಳ ಪಂಕ್ತಿಯೊಡನೆ ಆ ಚಿತ್ರಗಳನ್ನು ಮಾತ್ರ ಕಳುಹಿಸುತ್ತದೆ. ಕಾಗದದ ಚೆಕ್ಕು ಅಲ್ಲಿಯೇ ಉಳಿಯುತ್ತದೆ. ಸಿ.ಟಿ.ಎಸ್. ಎಂಬ ಈ ವ್ಯವಸ್ಥೆಯು 2008ರಲ್ಲಿ ಹೊಸದಿಲ್ಲಿಯಲ್ಲಿ ಮೊದಲಾಯಿತು. 2021ರ ಸೆಪ್ಟೆಂಬರ್ 30ರೊಳಗೆ ದೇಶದ ಎಲ್ಲ ಬ್ಯಾಂಕ್ ಶಾಖೆಗಳೂ ಇದರಲ್ಲಿ ಸೇರಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಹಣ ಕೊಡಬೇಕಾದವರು ನೋಡುವುದು ಚಿತ್ರವನ್ನೇ. ಮುಖವೆಂದು ಬೆನ್ನನ್ನು ಕಳುಹಿಸಿದರೆ ವ್ಯವಹಾರವೇ ನಿಲ್ಲುತ್ತದೆ. ಆದರೂ ಸಂಶಯ ಬಂದಾಗ ತೆಗೆದು ನೋಡುವುದಕ್ಕೆ ಮೂಲ ಚೆಕ್ಕನ್ನು ಹತ್ತು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಲೌಕಿಕರು ತಮ್ಮ ಹಣದ ವಿಷಯದಲ್ಲಿ ವಹಿಸಿರುವ ಈ ಎಚ್ಚರವು ಶಾಸ್ತ್ರಗಳ ವಿಷಯದಲ್ಲಿ ಎಷ್ಟು ಕಡೆ ಇದೆಯೆಂಬುದು ಆಲೋಚಿಸತಕ್ಕ ಮಾತು.

ಈಗ ಓಲೆಗೆ ಬರಬಹುದು. ಓಲೆಗೂ ನಾಲ್ಕೇ ಸ್ಥಿತಿಗಳು. ಆದರೆ ಚೆಕ್ಕಿನಲ್ಲಿ ಒಂದೇ ಗುರುತು ಎರಡೂ ಪ್ರಶ್ನೆಗಳಿಗೆ ಉತ್ತರವೀಯುತ್ತದೆ, ಓಲೆಯಲ್ಲಿ ಹಾಗಿಲ್ಲ. ಅಲ್ಲಿ ತಲೆ ಬುಡಗಳನ್ನು ತಿಳಿಸುವ ಗುರುತು ಒಂದು, ಮುಖ ಬೆನ್ನುಗಳನ್ನು ತಿಳಿಸುವ ಗುರುತು ಇನ್ನೊಂದು. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಹಲವು ತೊಡಕುಗಳು ಹುಟ್ಟುತ್ತವೆ.

ಮೊದಲನೆಯದಾಗಿ ದಾರದ ರಂಧ್ರವನ್ನು ನೋಡಬೇಕು. ಗಿಡ್ಡ ಗರಿಗಳಲ್ಲಿ ರಂಧ್ರ ಒಂದೇ ಇದ್ದಾಗ ಅದು ಅನೇಕ ಕಟ್ಟುಗಳಲ್ಲಿ ನಡುವಿಗಿಂತ ಎಡಕ್ಕೆ ಸರಿದಿರುತ್ತದೆ. ಓಲೆಯ ಗ್ರಂಥವನ್ನು ಓದುವಾಗ ಗರಿಯನ್ನು ಪುಸ್ತಕದ ಹಾಳೆಯಂತೆ ಬಲದಿಂದ ಎಡಕ್ಕೆ ಮಗುಚುವುದಿಲ್ಲ. ಉದ್ದದ ಅಂಚಿನ ಮೇಲೆ, ಕೆಳಗಿನಿಂದ ಮೇಲಕ್ಕೆ ಮಗುಚುತ್ತಾರೆ. ಹಾಗೆ ಮಗುಚಿದಾಗ ಎಡಗಡೆಯ ರಂಧ್ರ ಎಡಗಡೆಯಲ್ಲಿಯೇ ಉಳಿಯುತ್ತದೆ. ಆದಕಾರಣ ರಂಧ್ರ ಎಡಕ್ಕಿದ್ದರೆ ಗರಿ ನೆಟ್ಟಗಿದೆ, ಬಲಕ್ಕಿದ್ದರೆ ತಲೆಕೆಳಗಾಗಿದೆ ಎಂದು ಹೇಳಬಹುದು. ಆದರೆ ಎದುರಿಗಿರುವುದು ಮುಖವೋ ಬೆನ್ನೋ ಎಂಬುದನ್ನು ರಂಧ್ರ ಹೇಳಲಾರದು, ಏಕೆಂದರೆ ಎರಡು ಕಡೆಯಿಂದಲೂ ಅದು ಎಡಕ್ಕೇ ಕಾಣುತ್ತದೆ. ರಂಧ್ರವನ್ನು ನೋಡಿ ಮುಖವನ್ನು ನಿರ್ಣಯಿಸುವವರು ಇಲ್ಲಿಯೇ ಎಡವುತ್ತಾರೆ. ಎರಡು ರಂಧ್ರಗಳು ಎರಡು ತುದಿಗಳಿಂದಲೂ ಸಮದೂರದಲ್ಲಿದ್ದರಂತೂ ಅವು ಚೆಕ್ಕಿನ ಸೊನ್ನೆಯಂತೆ. ಯಾವ ದಿಕ್ಕನ್ನೂ ಹೇಳುವುದಿಲ್ಲ. ಆಗ ದಾರದ ಉಜ್ಜಿನಿಂದ ಯಾವ ರಂಧ್ರ ಹೆಚ್ಚು ಸವೆದಿದೆಯೆಂದು ನೋಡಬೇಕು. ಎರಡು ರಂಧ್ರಗಳಿದ್ದರೂ ಒಂದರಲ್ಲಿ ಮಾತ್ರ ದಾರ ಪೋಣಿಸಿದ್ದ ಕಟ್ಟಿನಲ್ಲಿ ಆ ಸವೆತವೇ ಗುರುತಾಗುತ್ತದೆ.

ಎರಡನೆಯದು ಪತ್ರಸಂಖ್ಯೆ. ದಕ್ಷಿಣದೇಶದ ಓಲೆಗಳಲ್ಲಿ ಇದು ಸಾಮಾನ್ಯವಾಗಿ ಗರಿಯ ಮುಖದ ಮೇಲೆ, ಎಡ ಅಂಚಿನಲ್ಲಿರುತ್ತದೆ. ಉತ್ತರದ ಪ್ರತಿಗಳಲ್ಲಿ ಬೆನ್ನಿನ ಮೇಲೆ ಬರೆಯುವುದೇ ಹೆಚ್ಚು. ಕಾಗದದ ಪ್ರತಿಗಳನ್ನು ಉತ್ತರದಿಂದ ತರಿಸಿಕೊಂಡ ಭಂಡಾರಗಳಲ್ಲಿ ಎರಡು ಪದ್ಧತಿಗಳೂ ಒಂದೇ ಕಪಾಟಿನಲ್ಲಿ ಇರುವುದುಂಟೆಂಬುದನ್ನು ಮರೆಯಬಾರದು. ಚೆಕ್ಕಿನ ಪಂಕ್ತಿಯ ಸ್ಥಾನವನ್ನು ಓಲೆಯಲ್ಲಿ ಪಡೆದಿರುವುದು ಈ ಪತ್ರಸಂಖ್ಯೆಯೇ: ಒಂದೇ ಬದಿಯಲ್ಲಿದೆ, ನಿಯತ ಸ್ಥಾನದಲ್ಲಿದೆ. ದೌರ್ಭಾಗ್ಯದ ಸಂಗತಿಯೆಂದರೆ ಗರಿಯಲ್ಲಿ ಮೊದಲು ಮುರಿಯುವುದೂ ಹುಳು ತಿನ್ನುವುದೂ ಆ ಅಂಚೇ. ಉಳಿದಿದ್ದರೂ ಅಂಕೆಗಳ ಆಕಾರದಲ್ಲಿ ತೊಡಕುಂಟು. ಕನ್ನಡದ ೧ ತಲೆಕೆಳಗಾದರೆ ಬಾಯಿ ಮೇಲಾದ ಉಂಗುರದಂತೆ ಕಾಣುತ್ತದೆ. ಸವೆದ ಗರಿಯಲ್ಲಿ ಆ ಬಾಯಿಯೂ ಮುಚ್ಚಿದಂತಾಗಿ ಅದು ಸೊನ್ನೆಯೆನಿಸಬಹುದು. ಅವಸರದ ಕೈಬರಹದಲ್ಲಿ ೬ ಮತ್ತು ೯ ಒಂದನ್ನೊಂದು ಹೋಲುತ್ತವೆಂಬುದಂತೂ ಎಲ್ಲರ ಅನುಭವಕ್ಕೆ ಬಂದ ಮಾತು.

ಮೂರನೆಯದು ಅಕ್ಷರಗಳೇ. ಕನ್ನಡದ ಅಕ್ಷರಗಳಿಗೆ ತಲೆಕಟ್ಟು ಮೇಲಿರುತ್ತದೆ, ಒತ್ತಕ್ಷರಗಳು ಕೆಳಗಿರುತ್ತವೆ. ಒಂದು ಪಂಕ್ತಿಯ ಮೇಲಂಚು ತಲೆಕಟ್ಟುಗಳಿಂದ ಒಂದೇ ಎತ್ತರದಲ್ಲಿ ಸಾಗಿದರೆ, ಕೆಳ ಅಂಚು ಒತ್ತುಗಳಿಂದ ಅಲ್ಲಲ್ಲಿ ಇಳಿಬೀಳುತ್ತದೆ. ಲಿಪಿಯನ್ನೇ ಅರಿಯದ ಯಂತ್ರಕ್ಕೂ ಈ ಭೇದವನ್ನು ಗ್ರಹಿಸುವಂತೆ ಕಲಿಸಬಹುದಾಗಿದೆ. ಪಂಕ್ತಿಯ ಎರಡು ಅಂಚುಗಳಲ್ಲಿ ಯಾವುದು ಸಮ, ಯಾವುದು ವಿಷಮ ಎಂದು ಅಳೆದರೆ ಸಾಕು. ಸಂಯುಕ್ತಾಕ್ಷರಗಳು ದಟ್ಟವಾಗಿರುವ ಸಂಸ್ಕೃತದ ಟೀಕೆಗಳಲ್ಲಿ ಇದು ಸುಲಭ. ದ್ವಿತ್ವಗಳು ಹೆಚ್ಚಾದ ಪ್ರಾಕೃತವನ್ನು ಸೊನ್ನೆಯಿಟ್ಟು ಬರೆದ ಪ್ರತಿಗಳಲ್ಲಿ ಕಷ್ಟ, ಏಕೆಂದರೆ ಸೊನ್ನೆ ಬಂದು ಒತ್ತು ಮಾಯವಾಗಿರುತ್ತದೆ. ಸೊನ್ನೆಯು ಎತ್ತ ತಿರುಗಿಸಿದರೂ ಒಂದೇ ಆಗಿರುವುದರಿಂದ ಅದು ಪ್ರಮಾಣವಾಗಲಾರದು.

ಕಂಟದಿಂದ ಕೊರೆದು ಮಸಿ ತುಂಬದೆ ಬಿಟ್ಟ ಗರಿಗಳಲ್ಲಿ ಅಕ್ಷರವೇ ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟಾಗ ಮಾತ್ರ ಕೊರೆದ ಗೆರೆಯ ನೆರಳು ಎದ್ದು ಬರುತ್ತದೆ. ಮೂಡಬಿದಿರೆಯ ಧವಲಾ ಗ್ರಂಥದ ಪ್ರತಿಗಳಲ್ಲಿರುವಂತೆ ಚಿತ್ರಗಳುಳ್ಳ ಗರಿಯಾದರೆ ವಿಚಾರಕ್ಕೆ ಎಡೆಯೇ ಇಲ್ಲ. ಆಸೀನನಾದ ಜಿನನ ಬಿಂಬವೇ ತಲೆಯನ್ನು ತೋರಿಸುತ್ತದೆ.

ಅಂಚು ಮುರಿದು ಸಂಖ್ಯೆ ನಷ್ಟವಾಗಿ, ತಲೆ ಬುಡ ತಿಳಿದರೂ ಮುಖ ಬೆನ್ನು ತಿಳಿಯದಿರುವುದೇ ನಿಜವಾದ ಕಷ್ಟದ ಸ್ಥಿತಿ. ಇಂತಹ ಗರಿಯನ್ನು ಎರಡು ಬಗೆಯಲ್ಲಿಯೂ ಓದಬಹುದು, ಎರಡರಲ್ಲಿಯೂ ಅಕ್ಷರಗಳು ನೆಟ್ಟಗಿರುತ್ತವೆ, ವಾಕ್ಯಗಳು ಪಂಕ್ತಿಯೊಳಗೆ ಸರಿಯಾಗಿರುತ್ತವೆ. ತಪ್ಪು ಕಾಣುವುದು ಒಂದು ಮುಖ ಮುಗಿದು ಇನ್ನೊಂದು ಮುಖ ಮೊದಲಾಗುವ ಸಂಧಿಯಲ್ಲಿ ಮಾತ್ರ. ಈ ಸಂಧಿಯ ಪರೀಕ್ಷೆಗೆ ಕನ್ನಡ ಕಾವ್ಯಗಳು ಒಂದು ಅಪೂರ್ವ ಸಾಧನವನ್ನು ಒದಗಿಸಿವೆ. ಅದು ಆದಿಪ್ರಾಸ.

ಚೆಕ್ಕಿನ ಲೋಕದಲ್ಲಿ ಇದಕ್ಕೆ ಹೋಲಿಕೆಯುಂಟು. ಅಮೆರಿಕದ ಬ್ಯಾಂಕುಗಳ ಸಂಕೇತದ ಒಂಬತ್ತು ಅಂಕೆಗಳಲ್ಲಿ ಕೊನೆಯದು ಪರೀಕ್ಷೆಗಾಗಿಯೇ ಇರುವಂಥದು. ಅಂಕೆಗಳನ್ನು ಕ್ರಮವಾಗಿ 3, 7, 1 ಮತ್ತೆ 3, 7, 1 ಎಂದು ಗುಣಿಸಿ ಕೂಡಿದಾಗ ಬಂದ ಮೊತ್ತವು ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಭಾಗವಾಗದಿದ್ದರೆ ಎಲ್ಲೋ ಒಂದು ಅಂಕೆ ತಪ್ಪಾಗಿ ಓದಲ್ಪಟ್ಟಿದೆಯೆಂದು ಯಂತ್ರ ತಿಳಿಯುತ್ತದೆ. ಕನ್ನಡ ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮವು ಕಿವಿಯ ಹಿತಕ್ಕಾಗಿ ಹುಟ್ಟಿದುದಾದರೂ, ಹಸ್ತಪ್ರತಿಯ ಸಂಪಾದಕನ ಪಾಲಿಗೆ ಇಂತಹದೇ ಒಂದು ಪರೀಕ್ಷಾಂಕವಾಗಿ ಪರಿಣಮಿಸಿದೆ. ಓಲೆಯಲ್ಲಿ ಪದ್ಯಗಳನ್ನು ಪಾದಪಾದವಾಗಿ ಬಿಡಿಸಿ ಬರೆಯುವುದಿಲ್ಲ. ಗದ್ಯದಂತೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಾರೆ. ಹಾಗಾಗಿ ಒಂದು ಮುಖದ ಕೊನೆಯ ಪಂಕ್ತಿ ಪದ್ಯದ ನಡುವೆ ನಿಲ್ಲುವುದೇ ಹೆಚ್ಚು. ಷಟ್ಪದಿಯ ಮೂರು ಪಾದಗಳು ಲಕಾರದ ಪ್ರಾಸದಲ್ಲಿ ಒಂದು ಮುಖದ ಕೊನೆಯಲ್ಲಿ ನಿಂತಿದ್ದರೆ, ಮುಂದಿನ ಮುಖದ ಆರಂಭದಲ್ಲಿಯೂ ಲಕಾರದ ಪ್ರಾಸವೇ ಮುಂದುವರಿಯಬೇಕು, ಉಳಿದ ಮೂರು ಪಾದಗಳು ಅಲ್ಲಿ ದೊರೆತು ಆಮೇಲೆ ಪದ್ಯದ ಸಂಖ್ಯೆ ಬರಬೇಕು. ಬೇರೆ ಪ್ರಾಸ ಬಂದರೆ ಮುಖ ಬೆನ್ನುಗಳು ಅದಲುಬದಲಾಗಿವೆ, ಇಲ್ಲವೆ ನಡುವೆ ಒಂದು ಗರಿ ನಷ್ಟವಾಗಿದೆ. ಪಾದ ನಡುವೆ ತುಂಡಾಗಿದ್ದರೆ ಮಾತ್ರೆಗಳ ಎಣಿಕೆಯೂ ಜೊತೆಗೂಡುತ್ತದೆ. ಸಾಳ್ವನ ಭಾರತ, ರತ್ನಾಕರವರ್ಣಿಯ ಸಾಂಗತ್ಯಕೃತಿ ಭರತೇಶ ವೈಭವ ಮೊದಲಾದವುಗಳ ಬಿಡಿಗರಿಗಳನ್ನು ಜೋಡಿಸುವಾಗ ಇದಕ್ಕಿಂತ ಬಲವಾದ ಆಧಾರವಿಲ್ಲ. ಆದರೆ ಮುಖವು ಪದ್ಯದ ಕೊನೆಯಲ್ಲಿಯೇ ಮುಗಿದಿದ್ದರೆ ಪ್ರಾಸವು ನೆರವಾಗದು. ಆಗ ಪದ್ಯದ ಸಂಖ್ಯೆಯೊಂದೇ ಗತಿ.

ಸೂತ್ರಗ್ರಂಥಗಳಲ್ಲಿ ಇದೇ ಕೆಲಸವನ್ನು ಅನುವೃತ್ತಿಯು ಮಾಡುತ್ತದೆ. ಶಬ್ದಾನುಶಾಸನದಂತಹ ಗ್ರಂಥದ ಗರಿಯೊಂದನ್ನು ಹಿಂದುಮುಂದಾಗಿ ಇಟ್ಟರೆ ಹಿಂದಿನ ಸೂತ್ರದಿಂದ ಇಳಿದು ಬರಬೇಕಾದ ಪದ ಕಡಿದುಹೋಗಿ ಸೂತ್ರ ಅರ್ಥಹೀನವಾಗುತ್ತದೆ. ವ್ಯಾಕರಣವನ್ನು ಬಲ್ಲವನು ಒಡನೆಯೇ ನಿಲ್ಲುತ್ತಾನೆ. ಗದ್ಯದ ಪುರಾಣಕಥೆ, ಪೂಜಾವಿಧಿ, ವೈದ್ಯದ ಯೋಗಗಳು ಇವುಗಳಲ್ಲಿ ಇಂತಹ ಕಾವಲಿಲ್ಲ. ಕಷಾಯವೊಂದರ ದ್ರವ್ಯಗಳ ಪಟ್ಟಿ ಒಂದು ಮುಖದಲ್ಲಿ ನಿಂತು, ಬೇರೊಂದು ರೋಗದ ಲೇಹ್ಯದ ಪ್ರಮಾಣ ಅದರ ಮುಂದೆ ಸೇರಿಕೊಂಡರೆ ವಾಕ್ಯವೇನೋ ಹೊಂದಿಕೊಳ್ಳುತ್ತದೆ, ಆದರೆ ಔಷಧ ಹೊಂದಿಕೊಳ್ಳುವುದಿಲ್ಲ. ಯಂತ್ರದಲ್ಲಿ ತಿರುಗಿ ಬಂದ ಚೆಕ್ಕು ತಿರಸ್ಕೃತವಾಗುತ್ತದೆ. ತಿರುಗಿ ಬಂದ ಗರಿಯು ಪಾಠಾಂತರವಾಗಿ ಅಚ್ಚಾಗಿಬಿಡುತ್ತದೆ.

ಇನ್ನು ಹುಳುವಿನ ದಾರಿ. ಗ್ರಂಥಕ್ಕೆ ಶತ್ರುವಾದ ಹುಳು ಇದೊಂದು ವಿಷಯದಲ್ಲಿ ಸಂಪಾದಕನಿಗೆ ಮಿತ್ರನೆಂದರೆ ವಿನೋದವಾಗಿ ತೋರಬಹುದು. ಹುಳುವು ಗರಿಯಿಂದ ಗರಿಗೆ ಕೊರೆದು ಸಾಗುವುದರಿಂದ ಅದರ ರಂಧ್ರವು ನೆರೆಯ ಗರಿಗಳಲ್ಲಿ ಸರಿಸುಮಾರು ಅದೇ ಎಡೆಯಲ್ಲಿರುತ್ತದೆ, ಸ್ವಲ್ಪಸ್ವಲ್ಪವೇ ಸರಿಯುತ್ತ ಹೋಗುತ್ತದೆ. ಬಿಡಿಗರಿಯನ್ನು ನೆರೆಯದರ ಮೇಲೆ ನಾಲ್ಕು ಸ್ಥಿತಿಗಳಲ್ಲಿಯೂ ಇಟ್ಟು ನೋಡಿದಾಗ ರಂಧ್ರಗಳು ಒಂದರ ಮೇಲೊಂದು ಕೂಡುವುದು ಒಂದೇ ಸ್ಥಿತಿಯಲ್ಲಿ. ಅಕ್ಷರ ಅಳಿಸಿದ್ದರೂ, ಸಂಖ್ಯೆ ಮುರಿದಿದ್ದರೂ ಈ ಸಾಕ್ಷಿ ನಿಲ್ಲುತ್ತದೆ. ಆದರೆ ಹುಳು ಹೊಕ್ಕದ್ದು ಗರಿಗಳು ಚೆದುರಿ ತಪ್ಪಾಗಿ ಕಟ್ಟಿದ ಮೇಲೆ ಆಗಿದ್ದರೆ, ಅದು ತಪ್ಪಾದ ಕ್ರಮಕ್ಕೇ ಸಾಕ್ಷಿ ನುಡಿಯುತ್ತದೆ. ಪ್ರಾಸವೂ ಹುಳುವಿನ ದಾರಿಯೂ ಪರಸ್ಪರ ವಿರೋಧಿಸಿದರೆ ಪ್ರಾಸವನ್ನೇ ನಂಬಬೇಕು.

ಬಂದರುಗಳ ಈ ಸೀಮೆಯಲ್ಲಿ ದೊರೆಯಬಹುದಾದ ಕಡತಗಳ ಬಗ್ಗೆಯೂ ಒಂದು ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪುಮಾಡಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಕಡತದಲ್ಲಿ ಮಡಿಕೆಗಳು ಒಂದಕ್ಕೊಂದು ಸೇರಿಯೇ ಇರುವುದರಿಂದ ಒಂದು ಬದಿಯೊಳಗಿನ ಕ್ರಮ ಕೆಡುವುದಿಲ್ಲ. ಬದಿ ಬದಲಾಗುವಾಗ ಬರೆದವನು ಕಡತವನ್ನು ಯಾವ ಅಂಚಿನ ಮೇಲೆ ಮಗುಚಿದನೆಂಬ ಒಂದೇ ಪ್ರಶ್ನೆ ಉಳಿಯುತ್ತದೆ. ಮಡಿಕೆಯಲ್ಲಿ ಹರಿದು ತುಂಡಾದ ಕಡತಕ್ಕೆ ಮಾತ್ರ ಓಲೆಯ ನಿಯಮಗಳೇ ಅನ್ವಯಿಸುತ್ತವೆ.

ಇಷ್ಟನ್ನು ವಿವರವಾಗಿ ಹೇಳಲು ಕಾರಣವಿದೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದಂದಿನಿಂದ ಓಲೆಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯ ದೇಶದಲ್ಲೆಲ್ಲ ನಡೆದಿದೆ. ಇದು ಅತ್ಯಂತ ಸ್ವಾಗತಾರ್ಹ. ಆದರೆ ಚಿತ್ರ ತೆಗೆದ ಮೇಲೆ ಅಂದಕ್ಕಾಗಿ ಅಂಚುಗಳನ್ನು ಕತ್ತರಿಸಿ, ಬರಹದ ಭಾಗವನ್ನು ಮಾತ್ರ ಉಳಿಸಿ, ವಕ್ರವಾದುದನ್ನು ಯಂತ್ರವೇ ನೆಟ್ಟಗೆ ಮಾಡುವ ಅಭ್ಯಾಸ ಕೆಲವೆಡೆ ಬೆಳೆಯುತ್ತಿದೆ. ಕತ್ತರಿಸಿದ ಅಂಚಿನೊಡನೆ ಪತ್ರಸಂಖ್ಯೆ ಹೋಗುತ್ತದೆ. ಎಡ ಅಂಚಿನ ಅಳತೆ ಹೋದ ಮೇಲೆ ರಂಧ್ರವು ನಡುವಿಗಿಂತ ಎಷ್ಟು ಸರಿದಿತ್ತೆಂಬುದು ತಿಳಿಯದು. ಯಂತ್ರವು ತಿರುಗಿಸಿದ ಚಿತ್ರದಲ್ಲಿ, ಗಂಟು ಬಿಚ್ಚಿದಾಗ ಆ ಗರಿ ಯಾವ ಸ್ಥಿತಿಯಲ್ಲಿತ್ತೆಂಬ ಸಾಕ್ಷಿಯೂ ಅಳಿಯುತ್ತದೆ. ಹಳೆಯ ಸೂಕ್ಷ್ಮಚಿತ್ರಗಳ ಫಿಲ್ಮನ್ನು ಮಗುಚಿ ಹಾಕಿ ಗಣಕಕ್ಕೆ ಏರಿಸಿದರೆ ಕನ್ನಡಿಯಲ್ಲಿ ಕಂಡಂತಹ ಬರಹ ಬರುವ ಅಪಾಯವೂ ಸೇರಿ, ನಾಲ್ಕು ಸ್ಥಿತಿಗಳು ಎಂಟಾಗುತ್ತವೆ. ಕನ್ನಡ ಬಲ್ಲವನು ಇದನ್ನು ನೋಡಿದೊಡನೆ ಹಿಡಿಯುತ್ತಾನೆ, ಆದರೆ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಕನ್ನಡ ಬಲ್ಲವನೇ ನೋಡುತ್ತಾನೆಂಬ ಭರವಸೆಯಿಲ್ಲ.

ಮೂಲವನ್ನು ಬಿಟ್ಟು ಪ್ರತಿಯನ್ನು ನಂಬಿದುದರ ಫಲವನ್ನು ಜೈನ ವಿದ್ವಾಂಸರು ಒಮ್ಮೆ ಕಂಡಿದ್ದಾರೆ. ಷಟ್ಖಂಡಾಗಮದ ಮೊದಲ ಸಂಪುಟವು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಹೊರಬಂದಾಗ, ಸಂಪಾದಕರ ಕೈಯಲ್ಲಿದ್ದುದು ಮೂಡಬಿದಿರೆಯ ತಾಡಪತ್ರಗಳಿಂದ ಇಳಿದುಬಂದ ಕಾಗದದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ. ಅದು ಇರಬೇಕೆಂದು ಸಂಪಾದಕರು ಊಹಿಸಿ ಸೂಚಿಸಿದರು. ಆ ಒಂದು ಪದಕ್ಕಾಗಿ ನಡೆದ ದೀರ್ಘ ವಾದವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಮೂಡಬಿದಿರೆಯ ತಾಡಪತ್ರದೊಡನೆ ಹೋಲಿಸಿ ನೋಡಿದಾಗ ಆ ಪದ ಅಲ್ಲಿರುವುದು ತಿಳಿದುಬಂತು. ಅದು ದಿಕ್ಕಿನ ತಪ್ಪಲ್ಲ, ಪ್ರತಿ ಮಾಡುವಾಗ ಕೈಬಿಟ್ಟುಹೋದುದು. ಆದರೆ ಅಂದು ಕಾಗದದ ಪ್ರತಿಗೆ ಇದ್ದ ಸ್ಥಾನವೇ ಇಂದು ಯಂತ್ರದ ಚಿತ್ರಕ್ಕೆ ಬಂದಿದೆ. ಗರಿ ಉಳಿದಿದ್ದುದರಿಂದ ಅಂದು ನಿರ್ಣಯ ಸಾಧ್ಯವಾಯಿತು. ಕರಾವಳಿಯ ಬಿಡಿಗರಿಗಳಲ್ಲಿ ಎಷ್ಟೋ ಚಿತ್ರ ತೆಗೆದ ಕೆಲವು ವರ್ಷಗಳಲ್ಲಿಯೇ ಪುಡಿಯಾಗುವಂಥವು.

ಆದುದರಿಂದ ಬಿಡಿಗರಿಗಳ ಗಂಟನ್ನು ಬಿಚ್ಚುವಾಗ, ಒರೆಸುವುದಕ್ಕೂ ಎಣ್ಣೆ ಹಚ್ಚುವುದಕ್ಕೂ ಮೊದಲೇ, ಗರಿಗಳು ಇದ್ದ ಕ್ರಮದಲ್ಲಿಯೇ ಇದ್ದ ದಿಕ್ಕಿನಲ್ಲಿಯೇ ಒಂದು ಚಿತ್ರ ತೆಗೆಯತಕ್ಕದ್ದು. ಪ್ರತಿ ಗರಿಯ ಎರಡೂ ಮುಖಗಳನ್ನು ನಾಲ್ಕು ಅಂಚುಗಳೂ ಕಾಣುವಂತೆ, ಅಳತೆಪಟ್ಟಿಯನ್ನು ಯಾವಾಗಲೂ ಒಂದೇ ಬದಿಗಿಟ್ಟು ಚಿತ್ರಿಸತಕ್ಕದ್ದು. ಆ ಅಳತೆಪಟ್ಟಿಯೇ ಚೆಕ್ಕಿನ ಪಂಕ್ತಿಯಂತೆ ಚಿತ್ರದ ದಿಕ್ಕಿಗೆ ಗುರುತಾಗುತ್ತದೆ. ಸಂಖ್ಯೆ ಕಾಣದ ಗರಿಯ ಮುಖಗಳಿಗೆ ಮೊದಲೇ ಮುಖ, ಬೆನ್ನು ಎಂದು ಹೆಸರಿಡದೆ, ಒಂದನೆಯ ಬದಿ, ಎರಡನೆಯ ಬದಿ ಎಂದಷ್ಟೇ ಬರೆಯುವುದು ಲೇಸು. ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾದಂದಿನಿಂದ ಪತ್ರಗಳ ಸಂಖ್ಯೆ, ಪುಟಕ್ಕೆ ಪಂಕ್ತಿಗಳೆಷ್ಟು, ಪಂಕ್ತಿಗೆ ಅಕ್ಷರಗಳೆಷ್ಟು ಎಂದು ನಮೂದಿಸುವ ಪದ್ಧತಿ ಕನ್ನಡ ಸೂಚಿಕಾರರಿಗೆ ಪರಿಚಿತವಾಗಿದೆ. ಅದರ ಜೊತೆಗೆ ಎಡ ತುದಿಯಿಂದ ರಂಧ್ರಕ್ಕಿರುವ ದೂರ, ಪತ್ರಸಂಖ್ಯೆಯಿರುವ ಮುಖ, ದಿಕ್ಕನ್ನು ನಿರ್ಣಯಿಸಿದ ಆಧಾರ ಇವುಗಳಿಗೆ ಇನ್ನೂ ಮೂರು ಕಲಮುಗಳನ್ನು ಸೇರಿಸುವುದು ಕಷ್ಟವೇನಲ್ಲ. ಯಾವ ಆಧಾರದಿಂದಲೂ ದಿಕ್ಕು ತಿಳಿಯದ ಗರಿಗಳನ್ನು ಹತ್ತಿರದ ಗ್ರಂಥಕ್ಕೆ ಬಲವಂತವಾಗಿ ಸೇರಿಸದೆ, ಅನಿರ್ಣೀತವೆಂದು ಬರೆದು ಬೇರೆ ಹಲಗೆಗಳ ನಡುವೆ ಬೇರೆಯೇ ಕಟ್ಟಾಗಿ ಇಡತಕ್ಕದ್ದು.